ಹಲ್ಲಾ: ಯಹೂದಿಗಳ ಜಡೆ ಬ್ರೆಡ್ ಮನೆಯಲ್ಲೇ ಮಾಡುವ ಸಮಗ್ರ ಮಾರ್ಗದರ್ಶಿ

ಹಲ್ಲಾ ಮಾಡಬೇಕು ಅಂದುಕೊಂಡವರು ಮೊದಲು ಹೆದರುವುದು ಅದರ ಜಡೆಗೆ. ಆರೆಳೆಯ ಹೆಣಿಗೆ ನೋಡಿದ ಕೂಡಲೇ ‘ಇದು ನಮ್ಮ ಕೈಲಿ ಆಗೋದಲ್ಲ’ ಅನಿಸಿಬಿಡುತ್ತದೆ. ಆದರೆ ಹೆಣೆಯುವುದು ಎರಡು ಮೂರು ನಿಮಿಷದ ಕೆಲಸ. ಒಂದೇ ಒಂದು ಸೂತ್ರ ನೆನಪಿಟ್ಟುಕೊಂಡರೆ ಸಾಕು. ಈ ಬ್ರೆಡ್ ಗೆಲ್ಲುವುದೂ ಸೋಲುವುದೂ ಹಿಟ್ಟಿನ ಹದದಲ್ಲಿ. ಹಿಟ್ಟು ತುಸು ಗಟ್ಟಿಯಾಗಿದ್ದರೆ ಎಳೆಗಳು ಓವನ್‌ನಲ್ಲಿ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತವೆ. ಸಡಿಲವಾದರೆ ಎಷ್ಟೇ ಚೆಂದ ಹೆಣೆದಿದ್ದರೂ ಗೆರೆಗಳೆಲ್ಲ ಅಳಿಸಿಹೋಗಿ ಚಪ್ಪಟೆ ಬ್ರೆಡ್ ಹೊರಬರುತ್ತದೆ. ಹಾಗಾಗಿ ಇಲ್ಲಿ ಹಿಟ್ಟಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಜಡೆಯ ಪಾಠ ಆಮೇಲೆ.

ಯಾರ ಬ್ರೆಡ್, ಯಾವಾಗಿನದು

ಹಲ್ಲಾ ಶಬ್ಬಾತ್‌ನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ ಬ್ರೆಡ್. ಕನ್ನಡ ಬೈಬಲಿನಲ್ಲಿ ಸಬ್ಬತ್ ಅಂತ ಬರುತ್ತದಲ್ವಾ, ಅದೇ ದಿನ. ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ ಶನಿವಾರ ಕತ್ತಲಾಗುವವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಆದ್ದರಿಂದ ಬ್ರೆಡ್ ಶುಕ್ರವಾರ ಸಂಜೆಯೊಳಗೆ ಬೆಂದು ಸಿದ್ಧವಾಗಿರಬೇಕು. ಜೆರುಸಲೇಮಿನ ಮಹನೆ ಯೆಹೂದಾ ಮಾರುಕಟ್ಟೆಯಲ್ಲಿ ಶುಕ್ರವಾರ ಬೆಳಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಬೇಕರಿಗಳ ಮುಂದೆ ಹಲ್ಲಾ ರಾಶಿ ಬಿದ್ದಿರುತ್ತದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಅಂಗಡಿಗಳು ಬಾಗಿಲು ಹಾಕುತ್ತವೆ.

ಮೇಜಿನ ಮೇಲೆ ಒಂದಲ್ಲ, ಎರಡು ಹಲ್ಲಾ ಇಡುತ್ತಾರೆ. ಇದರ ಮೂಲ ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿದೆ. ಈಜಿಪ್ಟಿನಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ದಿನವೂ ದೇವರಿಂದ ಮನ್ನ ಎಂಬ ಆಹಾರ ಸಿಗುತ್ತಿತ್ತು. ಆರನೆಯ ದಿನ ಎರಡರಷ್ಟು ಸಿಗುತ್ತಿತ್ತು, ಏಳನೆಯ ದಿನ ಇಲ್ಲ. ಆ ಎರಡು ಪಾಲಿನ ನೆನಪಿಗೆ ಎರಡು ಬ್ರೆಡ್. ದ್ರಾಕ್ಷಾರಸದ ಮೇಲಿನ ಪ್ರಾರ್ಥನೆ ಮುಗಿಯುವ ತನಕ ಅವುಗಳ ಮೇಲೊಂದು ಬಟ್ಟೆ ಮುಚ್ಚಿರುತ್ತಾರೆ. ಮನ್ನ ಕೆಳಗೂ ಮೇಲೂ ಇಬ್ಬನಿಯ ನಡುವೆ ಇತ್ತು ಎಂಬ ನಂಬಿಕೆ ಈ ಬಟ್ಟೆಯ ಹಿಂದಿದೆ. ಆಮೇಲೆ ಕೈತೊಳೆದು, ರೊಟ್ಟಿಯ ಪ್ರಾರ್ಥನೆ ಹೇಳಿ, ತುಂಡನ್ನು ಉಪ್ಪಿಗೆ ತಾಗಿಸಿ ಎಲ್ಲರಿಗೂ ಹಂಚುತ್ತಾರೆ. ಮೇಲೆ ಉದುರಿಸುವ ಎಳ್ಳು, ಗಸಗಸೆಯನ್ನೂ ಕೆಲವರು ಮನ್ನಕ್ಕೇ ಜೋಡಿಸುತ್ತಾರೆ. ಅದು ಕೊತ್ತಂಬರಿ ಬೀಜದ ಹಾಗಿತ್ತು ಅಂತ ಅದೇ ಅಧ್ಯಾಯ ಹೇಳುತ್ತದೆ.

ಎಲ್ಲ ಯಹೂದಿಗಳೂ ಜಡೆ ಹೆಣೆಯುವುದಿಲ್ಲ, ಇದನ್ನು ತಿಳಿದಿರಬೇಕು. ಜಡೆಯ ಹಲ್ಲಾ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಕಡೆಯ ಅಶ್ಕೆನಾಜಿ ಯಹೂದಿಗಳದ್ದು. ಯೆಮೆನ್, ಇರಾಕ್ ಮೂಲದವರ ಶಬ್ಬಾತ್ ರೊಟ್ಟಿ ಬೇರೆಯೇ, ಚಪ್ಪಟೆಯಾದದ್ದು. ನಮ್ಮ ಪಕ್ಕದ ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರಾಯೇಲಿಗಳಿದ್ದರು. ಎಣ್ಣೆ ಗಾಣದ ಕೆಲಸ ಮಾಡುತ್ತಿದ್ದ ಅವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ಶಬ್ಬಾತ್ ಇಷ್ಟು ಹತ್ತಿರದಲ್ಲೇ ಇತ್ತು. ಆದರೆ ಈ ಜಡೆ ಬ್ರೆಡ್ ಮಾತ್ರ ಯುರೋಪಿನಿಂದ ಬಂದದ್ದು.

ಬೆಣ್ಣೆ ಬೇಡ, ಹಾಲೂ ಬೇಡ

ನಮ್ಮಲ್ಲಿ ಮೆತ್ತನೆಯ ಬ್ರೆಡ್ ಅಂದರೆ ಹಾಲು, ಬೆಣ್ಣೆ ಸುರಿಯುವುದು ರೂಢಿ. ಹಲ್ಲಾಗೆ ದಯವಿಟ್ಟು ಹಾಕಬೇಡಿ. ಯಹೂದಿ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಒಟ್ಟಿಗೆ ಬರುವಂತಿಲ್ಲ. ಶುಕ್ರವಾರ ರಾತ್ರಿಯ ಊಟದಲ್ಲಿ ಸಾಮಾನ್ಯವಾಗಿ ಕೋಳಿಯೋ ಮಾಂಸವೋ ಇರುತ್ತದೆ. ಜೊತೆಗೆ ತಿನ್ನುವ ಬ್ರೆಡ್‌ನಲ್ಲಿ ಹಾಲಿನಂಶ ಇದ್ದರೆ ಊಟವೇ ಕೆಟ್ಟಂತೆ. ಅದಕ್ಕಾಗಿ ಎಣ್ಣೆ, ನೀರು, ಮೊಟ್ಟೆ. ಇದು ಬರೀ ನಿಯಮದ ಮಾತಲ್ಲ, ರುಚಿಯೂ ಇದರಿಂದಲೇ ಬಂದಿದೆ. ಬೆಣ್ಣೆ ತಣ್ಣಗಾದಾಗ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಹಾಗಾಗಿ ಎಣ್ಣೆಯ ಹಲ್ಲಾ ಮರುದಿನವೂ ಮೆತ್ತಗಿರುತ್ತದೆ. ಶನಿವಾರ ಹೊಸದಾಗಿ ಬೇಯಿಸುವಂತಿಲ್ಲದ ಮನೆಗೆ ಅದೇ ಬೇಕಾದದ್ದು. ಬೆಣ್ಣೆ ಹಾಕಿದರೆ ಅದು ಫ್ರೆಂಚರ ಬ್ರಿಯೋಶ್ ಕಡೆ ವಾಲುತ್ತದೆ. ರುಚಿಯಾಗಿಯೇ ಇರುತ್ತದೆ, ಆದರೆ ಹಲ್ಲಾ ಅಲ್ಲ.

ಬೇಕಾಗುವ ಸಾಮಾನು (ಎರಡು ಮಧ್ಯಮ ಗಾತ್ರದ ಹಲ್ಲಾಗೆ)

ಮೈದಾ – 500 ಗ್ರಾಂ
ಇನ್‌ಸ್ಟಂಟ್ ಯೀಸ್ಟ್ – 7 ಗ್ರಾಂ (ಸುಮಾರು ಎರಡೂಕಾಲು ಟೀ ಚಮಚ)
ಉಗುರುಬೆಚ್ಚಗಿನ ನೀರು – 150 ಮಿ.ಲೀ., ಪಕ್ಕಕ್ಕೆ ಇನ್ನೊಂದು 20 ಮಿ.ಲೀ.
ಮೊಟ್ಟೆ – 2, ಜೊತೆಗೆ 1 ಮೊಟ್ಟೆಯ ಹಳದಿ
ಸಕ್ಕರೆ – 50 ಗ್ರಾಂ (ಅಥವಾ ಅಷ್ಟೇ ಜೇನುತುಪ್ಪ)
ವಾಸನೆಯಿಲ್ಲದ ಎಣ್ಣೆ – 60 ಮಿ.ಲೀ. (ಸೂರ್ಯಕಾಂತಿ ಚೆನ್ನ)
ಉಪ್ಪು – 9 ಗ್ರಾಂ (ಒಂದೂವರೆ ಟೀ ಚಮಚ)
ಮೇಲೆ ಸವರಲು – 1 ಮೊಟ್ಟೆ, ಒಂದು ಚಮಚ ನೀರು, ಚಿಟಿಕೆ ಉಪ್ಪು
ಉದುರಿಸಲು – ಎಳ್ಳು ಅಥವಾ ಗಸಗಸೆ

ತೂಕದ ಯಂತ್ರ ಇದ್ದರೆ ಅದನ್ನೇ ಬಳಸಿ. ಒಂದು ಕಪ್ ಮೈದಾ ಅಂದರೆ ಒಬ್ಬರ ಕೈಯಲ್ಲಿ 120 ಗ್ರಾಂ, ಇನ್ನೊಬ್ಬರ ಕೈಯಲ್ಲಿ 150. ಹದವೇ ಮುಖ್ಯವಾದ ಈ ಬ್ರೆಡ್‌ಗೆ ಅಷ್ಟು ವ್ಯತ್ಯಾಸ ಸಾಕು ಕೆಡಿಸಲು.

ಮೈದಾ ಕೊಳ್ಳುವಾಗ ಪೊಟ್ಟಣದ ಹಿಂದಿನ ಪಟ್ಟಿ ನೋಡಿ. 100 ಗ್ರಾಂಗೆ 11 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಪ್ರೊಟೀನ್ ಇದ್ದರೆ ಒಳ್ಳೆಯದು. ಗೋಧಿಯ ಪ್ರೊಟೀನಿಗೆ ನೀರು ಸೇರಿ ನಾದಿದಾಗ ಗ್ಲುಟನ್ ಆಗುತ್ತದೆ. ಉಬ್ಬಿದ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಅದೇ. ಪ್ರೊಟೀನ್ ಕಡಿಮೆಯ ಮೈದಾ ಮಾತ್ರ ಸಿಕ್ಕರೆ ಒಂದು ದೊಡ್ಡ ಚಮಚ ಗ್ಲುಟನ್ ಪುಡಿ ಬೆರೆಸಬಹುದು, ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಚಪಾತಿಯ ಗೋಧಿಹಿಟ್ಟು ಹಾಕಲೇಬೇಕೆನಿಸಿದರೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಅದರಲ್ಲಿನ ತೌಡು ಗ್ಲುಟನ್ ಎಳೆಗಳನ್ನು ಕತ್ತರಿಸಿ ಬ್ರೆಡ್ ಭಾರವಾಗುವಂತೆ ಮಾಡುತ್ತದೆ. ನೀರೂ ಒಂದೆರಡು ಚಮಚ ಹೆಚ್ಚಿಗೆ ಕೇಳುತ್ತದೆ.

ಮೊಟ್ಟೆ ಫ್ರಿಜ್‌ನಿಂದ ಅರ್ಧ ಗಂಟೆ ಮುಂಚೆ ತೆಗೆದಿಡಿ. ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು, ನೋಡಿ, ಆಮೇಲೆ ಬೆರೆಸಿ. ಯಹೂದಿ ಮನೆಗಳಲ್ಲಿ ಇದು ಕಡ್ಡಾಯ. ರಕ್ತದ ಚುಕ್ಕೆ ಕಂಡರೆ ಆ ಮೊಟ್ಟೆ ಬಳಸುವುದಿಲ್ಲ. ಯಾವ ಅಡುಗೆಮನೆಗಾದರೂ ಒಳ್ಳೆಯ ಅಭ್ಯಾಸವೇ.

ಹಿಟ್ಟು ಕಲಸುವುದು, ನಾದುವುದು

ಅಗಲವಾದ ಪಾತ್ರೆಯಲ್ಲಿ ಮೈದಾ, ಯೀಸ್ಟ್, ಸಕ್ಕರೆ ಬೆರೆಸಿ. ಇನ್‌ಸ್ಟಂಟ್ ಯೀಸ್ಟ್ ಆದರೆ ನೇರವಾಗಿ ಹಾಕಬಹುದು. ದಪ್ಪ ಕಾಳಿನ ಡ್ರೈ ಯೀಸ್ಟ್ ಆದರೆ 150 ಮಿ.ಲೀ. ನೀರಿಗೆ ಒಂದು ಚಮಚ ಸಕ್ಕರೆ ಹಾಕಿ, ಅದರಲ್ಲಿ ಹತ್ತು ನಿಮಿಷ ನೆನೆಸಿ. ನೊರೆ ಎದ್ದರೆ ಯೀಸ್ಟ್ ಜೀವಂತವಾಗಿದೆ ಅಂತ. ನೊರೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಹೊಸ ಯೀಸ್ಟ್ ತನ್ನಿ. ಮುಂದುವರಿಸಿದರೆ ಮೊಟ್ಟೆ, ಎಣ್ಣೆ ಎಲ್ಲವೂ ದಂಡ. ನೀರು ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. 38–40 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ನೀರು ತುಂಬಾ ಬಿಸಿಯಾದರೆ ಯೀಸ್ಟ್ ಸಾಯುತ್ತದೆ.

ನೀರು, ಮೊಟ್ಟೆ, ಹಳದಿ, ಎಣ್ಣೆ ಒಟ್ಟಿಗೆ ಕಲಕಿ ಮೈದಾಗೆ ಸುರಿದು ಮುದ್ದೆ ಮಾಡಿ. ಈಗ ಉಪ್ಪು ಹಾಕಬೇಡಿ. ಪಾತ್ರೆ ಮುಚ್ಚಿ ಹದಿನೈದು ನಿಮಿಷ ಸುಮ್ನೆ ಬಿಡಿ. ಈ ವಿರಾಮದಲ್ಲಿ ಮೈದಾ ತಾನೇ ನೀರು ಕುಡಿಯುತ್ತದೆ, ನಾದುವ ಶ್ರಮ ಅರ್ಧ ಇಳಿಯುತ್ತದೆ. ಆಮೇಲೆ ಉಪ್ಪು ಸೇರಿಸಿ ನಾದಲು ಶುರು ಮಾಡಿ.

ಮೊದಲ ಮೂರು ನಾಲ್ಕು ನಿಮಿಷ ಹಿಟ್ಟು ಕೈಗೆ ಅಂಟುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ. ಎಲ್ಲರಿಗೂ ಕೈ ಮೈದಾ ಡಬ್ಬಕ್ಕೇ ಹೋಗುವುದು ಈ ಹಂತದಲ್ಲಿ. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಎಂಟು ನಿಮಿಷದ ಹೊತ್ತಿಗೆ ಅಂಟು ತಾನಾಗಿಯೇ ಬಿಡುತ್ತದೆ, ಮೇಲ್ಮೈ ನಯವಾಗುತ್ತದೆ. ಹತ್ತು ಹನ್ನೆರಡು ನಿಮಿಷ ನಾದಿದರೆ ಸಾಕು. ಹಿಟ್ಟು ಬಿರುಕು ಬಿಡುತ್ತಿದ್ದರೆ ಮಾತ್ರ ಪಕ್ಕಕ್ಕಿಟ್ಟ ನೀರನ್ನು ಒಂದೊಂದೇ ಚಮಚ ಹಾಕಿ.

ಹದ ಹೇಗಿರಬೇಕು? ಚಪಾತಿ ಹಿಟ್ಟಿಗಿಂತ ಕೊಂಚ ಮೆತ್ತಗೆ, ಆದರೆ ಅದಕ್ಕಿಂತ ಹೆಚ್ಚು ಪುಟಿಯುವಂಥದ್ದು. ಬೆರಳಿನಿಂದ ಒತ್ತಿದರೆ ಗುಳಿ ನಿಧಾನವಾಗಿ ಮೇಲೇಳಬೇಕು. ಇನ್ನೂ ಖಾತ್ರಿ ಬೇಕಿದ್ದರೆ ನಿಂಬೆ ಗಾತ್ರದ ತುಂಡು ತೆಗೆದು ಎರಡೂ ಕೈಯ ಬೆರಳಿನಿಂದ ನಿಧಾನವಾಗಿ ಹಿಗ್ಗಿಸಿ. ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾದರೆ ಗ್ಲುಟನ್ ಸಿದ್ಧ. ಬೇಗ ಹರಿದರೆ ಇನ್ನೆರಡು ನಿಮಿಷ ನಾದಿ.

ಯಂತ್ರದಲ್ಲಿ ನಾದುವವರು ನಿಧಾನ ವೇಗದಲ್ಲಿ ಏಳೆಂಟು ನಿಮಿಷ ನಾದಿ. ಕೊನೆಯ ಒಂದು ನಿಮಿಷ ಕೈಯಿಂದಲೇ ಮಾಡಿ. ಹದ ಗೊತ್ತಾಗುವುದು ಕೈಗೆ ಮಾತ್ರ.

ಹಿಟ್ಟಿನಲ್ಲಿ ಪಾಲು ತೆಗೆಯುವ ಪದ್ಧತಿ

ಯಹೂದಿ ಮನೆಗಳಲ್ಲಿ ಹಿಟ್ಟು ಜಾಸ್ತಿ ಇದ್ದಾಗ ಅದರಿಂದ ಒಂದು ಚಿಕ್ಕ ತುಂಡು, ಓಲಿವ್ ಕಾಯಿಯಷ್ಟು, ಬೇರೆ ತೆಗೆಯುತ್ತಾರೆ. ಬೈಬಲಿನ ಅರಣ್ಯಕಾಂಡದ 15ನೇ ಅಧ್ಯಾಯದಲ್ಲಿ ಇದರ ಆಜ್ಞೆ ಇದೆ. ಜೆರುಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ ಆ ಪಾಲು ಯಾಜಕರಿಗೆ ಹೋಗುತ್ತಿತ್ತು. ಈಗ ಅದನ್ನು ಫಾಯಿಲ್‌ನಲ್ಲಿ ಸುತ್ತಿ ಸುಟ್ಟುಬಿಡುತ್ತಾರೆ, ಯಾರೂ ತಿನ್ನುವುದಿಲ್ಲ. ಸುಮಾರು 1.2 ಕಿಲೋ ಒಣ ಹಿಟ್ಟಿನಿಂದ ಮೇಲೆ ಪಾಲು ತೆಗೆಯುವುದು, ಸುಮಾರು 1.67 ಕಿಲೋ ದಾಟಿದರೆ ಪ್ರಾರ್ಥನೆಯನ್ನೂ ಹೇಳುವುದು ಹಲವರು ಅನುಸರಿಸುವ ಲೆಕ್ಕ. ರಬ್ಬಿಗಳ (ಯಹೂದಿ ಧರ್ಮಗುರುಗಳ) ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದೆ. ನಮ್ಮ 500 ಗ್ರಾಂಗೆ ಇದು ಅನ್ವಯಿಸುವುದಿಲ್ಲ. ಆದರೂ ಹೇಳಿದೆ, ಯಾಕೆಂದರೆ ಆ ಮನೆಗಳಲ್ಲಿ ಈ ಬ್ರೆಡ್‌ನ ಮರ್ಯಾದೆ ಇರುವುದು ಈ ಹಂತದಲ್ಲಿ.

ಮೊದಲ ಉಬ್ಬು

ಪಾತ್ರೆಗೆ ಎಣ್ಣೆ ಸವರಿ, ಹಿಟ್ಟನ್ನು ಒಮ್ಮೆ ಹೊರಳಿಸಿ, ಮುಚ್ಚಿಡಿ. ಎರಡರಷ್ಟಾಗಬೇಕು. ಸಕ್ಕರೆ, ಎಣ್ಣೆ, ಮೊಟ್ಟೆ ಮೂರೂ ಇರುವುದರಿಂದ ಇದು ಸಾದಾ ಬ್ರೆಡ್ ಹಿಟ್ಟಿಗಿಂತ ನಿಧಾನ. ಬೆಂಗಳೂರಿನ 26–27 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು. ಮಂಗಳೂರು, ಕಾರವಾರದ ಸೆಕೆಯಲ್ಲಿ ಒಂದು ಗಂಟೆಗೇ ಆಗಿಬಿಡಬಹುದು. ಡಿಸೆಂಬರಿನ ಮಡಿಕೇರಿಯಲ್ಲೋ, ಹೊರದೇಶದ ಚಳಿಯಲ್ಲೋ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಸಮಯ ಹೊಂದಿಸಲು ಫ್ರಿಜ್ ದೊಡ್ಡ ಸಹಾಯ. ಗುರುವಾರ ರಾತ್ರಿ ನಾದಿ, ಅರ್ಧ ಗಂಟೆ ಹೊರಗಿಟ್ಟು, ಮುಚ್ಚಿ ಫ್ರಿಜ್‌ಗೆ ಹಾಕಿ. 12 ಗಂಟೆ, ಬೇಕಿದ್ದರೆ 24 ಗಂಟೆ ಇರಲಿ. ರುಚಿ ಇನ್ನೂ ಚೆನ್ನಾಗಿ ಕೂಡುತ್ತದೆ. ಇನ್ನೊಂದು ಲಾಭವೂ ಇದೆ. ತಣ್ಣಗಿನ ಹಿಟ್ಟು ಹೊಸೆಯಲು ಸುಲಭ, ಎಳೆಗಳು ಹಿಗ್ಗಿ ಜಾರುವುದಿಲ್ಲ. ನನ್ನ ಆಯ್ಕೆ ಯಾವಾಗಲೂ ಇದೇ.

ಶುಕ್ರವಾರವೇ ಎಲ್ಲ ಮಾಡುವುದಾದರೆ ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಶಬ್ಬಾತ್ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ, ಜೆರುಸಲೇಮಿನಲ್ಲಿ 40 ನಿಮಿಷ ಮುಂಚೆ. ಆರೂವರೆಗೆ ಸೂರ್ಯ ಮುಳುಗುವ ದಿನ ಐದು ಗಂಟೆಗೆ ಬ್ರೆಡ್ ಹೊರಬಂದಿರಬೇಕು ಅಂದುಕೊಳ್ಳಿ. ನಾಲ್ಕೂವರೆಗೆ ಓವನ್‌ಗೆ, ಮೂರೂಕಾಲಿಗೆ ಜಡೆ, ಒಂದೂಕಾಲಿಗೆ ಹಿಟ್ಟು ಮುಚ್ಚಿಡುವುದು, ಹನ್ನೆರಡೂವರೆಗೆ ಕಲಸಲು ಶುರು. ಓವನ್ ಚಿಕ್ಕದಾಗಿ ಒಂದಾದ ಮೇಲೊಂದು ಬೇಯಿಸುವವರು ಇನ್ನೂ ಮುಕ್ಕಾಲು ಗಂಟೆ ಮುಂಚೆ ಶುರು ಮಾಡಿ.

ಎಳೆ ಹೊಸೆಯುವುದು

ಉಬ್ಬಿದ ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ತೂಗಿ, ಎರಡು ಪಾಲು ಮಾಡಿ. ಒಂದೊಂದು ಪಾಲು ಸುಮಾರು 440 ಗ್ರಾಂ ಬರುತ್ತದೆ. ಮೂರೆಳೆ ಆದರೆ ಒಂದೊಂದು ಎಳೆಗೆ 145 ಗ್ರಾಂ, ಆರೆಳೆ ಆದರೆ 73 ಗ್ರಾಂ. ಕಣ್ಣಂದಾಜಿನಲ್ಲಿ ಮಾಡಿದರೆ ಜಡೆ ಒಂದು ಕಡೆ ವಾಲುತ್ತದೆ.

ಉಂಡೆಯನ್ನು ನೇರವಾಗಿ ಹೊಸೆಯಬೇಡಿ. ಮೊದಲು ಲಟ್ಟಣಿಗೆಯಿಂದ ಅಂಗೈ ಅಗಲಕ್ಕೆ ಲಟ್ಟಿಸಿ. ಗಾಳಿಗುಳ್ಳೆಗಳು ಆಚೆ ಹೋಗುತ್ತವೆ. ಅದನ್ನು ಬಿಗಿಯಾಗಿ ಸುರುಳಿ ಸುತ್ತಿ, ಅಂಚನ್ನು ಚಿವುಟಿ ಮುಚ್ಚಿ. ಎಲ್ಲ ಸುರುಳಿಗಳನ್ನೂ ಒದ್ದೆ ಬಟ್ಟೆಯಡಿ ಹತ್ತು ನಿಮಿಷ ಬಿಡಿ. ಆಮೇಲೆ ನಡುವಿನಿಂದ ಹೊರಕ್ಕೆ ಹೊಸೆಯುತ್ತ ಸುಮಾರು 30 ಸೆಂ.ಮೀ. ಉದ್ದ ಮಾಡಿ. ನಡು ದಪ್ಪ, ತುದಿಗಳು ಚೂಪಾಗಿರಲಿ. ಹೊಸೆಯುವಾಗ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರೆ ಹಿಟ್ಟು ದಣಿದಿದೆ. ಐದು ನಿಮಿಷ ಬಿಟ್ಟು ಮತ್ತೆ ಹೊಸೆಯಿರಿ, ಬಲವಂತ ಮಾಡಿದರೆ ಹರಿಯುತ್ತದೆ.

ಹೊಸೆಯುವ ಕಲ್ಲಿನ ಮೇಲೆ ಮೈದಾ ಉದುರಿಸಬೇಡಿ. ಎಳೆ ಜಾರುತ್ತದೆಯೇ ಹೊರತು ಉರುಳುವುದಿಲ್ಲ. ಎಲ್ಲ ಎಳೆ ಸಿದ್ಧವಾದ ಮೇಲೆ, ಹೆಣೆಯುವ ಮುಂಚೆ ಮಾತ್ರ ಮೇಲಿಂದ ಒಂದು ಚಿಟಿಕೆ ಮೈದಾ ಉಜ್ಜಿ. ಬೇಯುವಾಗ ಎಳೆಗಳು ಒಂದಕ್ಕೊಂದು ಅಂಟದೆ ಗೆರೆ ಸ್ಪಷ್ಟವಾಗಿ ಮೂಡುತ್ತದೆ.

ಹೆಣಿಗೆ

ಮೂರೆಳೆ ಗೊತ್ತೇ ಇದೆ, ಕೂದಲಿಗೆ ಹಾಕುವ ಜಡೆಯೇ. ನಡುವಿನಿಂದ ಶುರು ಮಾಡಿ ಒಂದು ತುದಿಗೆ ಹೆಣೆದು, ತಟ್ಟೆ ತಿರುಗಿಸಿ ಇನ್ನೊಂದು ತುದಿಗೆ ಹೆಣೆದರೆ ಎರಡೂ ಕಡೆ ಸಮವಾಗಿ ಬರುತ್ತದೆ. ಮೊದಲ ಸಲ ಮಾಡುವವರು ಒಂದು ಹಲ್ಲಾ ಮೂರೆಳೆಯಲ್ಲಿ, ಇನ್ನೊಂದು ಆರೆಳೆಯಲ್ಲಿ ಮಾಡಿ.

ಆರೆಳೆಗೆ ಸೂತ್ರ ಇದು: ಎರಡರ ಮೇಲೆ, ಒಂದರ ಕೆಳಗೆ, ಎರಡರ ಮೇಲೆ. ಪ್ರತಿ ಸಲವೂ ಬಲತುದಿಯ ಎಳೆಯಿಂದಲೇ ಶುರು.

ಆರು ಎಳೆಗಳನ್ನು ಉದ್ದಕ್ಕೆ ಪಕ್ಕಪಕ್ಕ ಇಟ್ಟು, ಮೇಲಿನ ತುದಿಗಳನ್ನು ಒಟ್ಟಿಗೆ ಚಿವುಟಿ. ಚಿವುಟಿದ ಜಾಗದ ಮೇಲೆ ಒಂದು ಭಾರದ ಬಟ್ಟಲು ಇಟ್ಟರೆ ಅಲುಗುವುದಿಲ್ಲ. ಎಡದಿಂದ ಬಲಕ್ಕೆ 1, 2, 3, 4, 5, 6 ಎಂದು ಎಣಿಸಿ. 6ನೆಯದನ್ನು ಎತ್ತಿ. 5 ಮತ್ತು 4ರ ಮೇಲೆ ದಾಟಿಸಿ. 3ರ ಕೆಳಗೆ ತೂರಿಸಿ. 2 ಮತ್ತು 1ರ ಮೇಲೆ ತಂದು ಎಡತುದಿಯಲ್ಲಿ ಮಲಗಿಸಿ. ಈಗ ಅದೇ ಹೊಸ 1. ಉಳಿದವೆಲ್ಲ ಒಂದೊಂದು ಸ್ಥಾನ ಬಲಕ್ಕೆ ಸರಿದವು. ಮತ್ತೆ ಬಲತುದಿಯಲ್ಲಿ ಯಾವುದಿದೆಯೋ ಅದೇ 6, ಅದನ್ನು ಎತ್ತಿ ಮತ್ತೆ ಅದೇ ಸೂತ್ರ. ಯಾವ ಎಳೆ ಎಲ್ಲಿಂದ ಬಂತು ಅಂತ ನೆನಪಿಡಲು ಹೋಗಬೇಡಿ, ಅಲ್ಲೇ ಎಲ್ಲರೂ ಗೊಂದಲಕ್ಕೆ ಬೀಳುವುದು. ಸ್ಥಾನ ಮಾತ್ರ ಮುಖ್ಯ.

ಒಂದೆರಡು ಸುತ್ತಿನಲ್ಲಿ ಹೆಣಿಗೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ಹೆದರಬೇಡಿ, ಎಳೆಗಳನ್ನು ಮೆಲ್ಲಗೆ ಬಲಕ್ಕೆ ಸರಿಸಿ ಸಮ ಮಾಡಿಕೊಳ್ಳಿ. ತೀರಾ ಬಿಗಿಯಾಗಿ ಎಳೆಯಬೇಡಿ. ಉಬ್ಬಲು ಜಾಗ ಬೇಕು, ಇಲ್ಲದಿದ್ದರೆ ಬೇಯುವಾಗ ಬದಿಗಳು ಬಿರಿಯುತ್ತವೆ. ಕೊನೆಯಲ್ಲಿ ತುದಿಗಳನ್ನು ಚಿವುಟಿ, ಎರಡೂ ಕಡೆಯ ತುದಿಯನ್ನು ಅಡಿಗೆ ಮಡಚಿ. ನಾಲ್ಕೆಳೆಗೆ ಸೂತ್ರ ಇನ್ನೂ ಸುಲಭ: ಬಲತುದಿಯದು ಒಂದರ ಮೇಲೆ, ಒಂದರ ಕೆಳಗೆ, ಒಂದರ ಮೇಲೆ.

ಎರಡು ಆರೆಳೆ ಹಲ್ಲಾ ಸೇರಿದರೆ ಹನ್ನೆರಡು ಎಳೆ. ಜೆರುಸಲೇಮಿನ ದೇವಾಲಯದಲ್ಲಿ ಪ್ರತಿ ವಾರ ಇಡುತ್ತಿದ್ದ ಹನ್ನೆರಡು ರೊಟ್ಟಿಗಳ ನೆನಪು ಅದು ಅಂತ ಅನೇಕರು ಹೇಳುತ್ತಾರೆ.

ಯಹೂದಿ ಹೊಸವರ್ಷ ರೋಶ್ ಹಶಾನಾಕ್ಕೆ ಮಾತ್ರ ಉದ್ದನೆಯ ಜಡೆ ಬೇಡ, ದುಂಡನೆಯದು ಮಾಡುತ್ತಾರೆ. ವರ್ಷದ ಚಕ್ರಕ್ಕೆ ಅದು ಗುರುತು. 440 ಗ್ರಾಂ ಪಾಲನ್ನು ಒಂದೇ ಉದ್ದ ಎಳೆಯಾಗಿ, ಸುಮಾರು 60 ಸೆಂ.ಮೀ.ಗೆ ಹೊಸೆದು, ಒಂದು ತುದಿ ದಪ್ಪ ಇಟ್ಟು, ಅಲ್ಲಿಂದ ಸುರುಳಿ ಸುತ್ತಿ. ತೆಳ್ಳನೆಯ ತುದಿಯನ್ನು ಅಡಿಗೆ ಸಿಕ್ಕಿಸಿ. ಆ ದಿನ ಹಿಟ್ಟಿಗೆ ಒಣದ್ರಾಕ್ಷಿ ಹಾಕಿ, ಸಕ್ಕರೆಯ ಬದಲು ಜೇನು ಬಳಸುವುದು ವಾಡಿಕೆ. ಹೊಸವರ್ಷ ಸಿಹಿಯಾಗಿರಲಿ ಅಂತ ಉಪ್ಪಿನ ಬದಲು ಜೇನಿಗೆ ಅದ್ದಿ ತಿನ್ನುತ್ತಾರೆ.

ಎರಡನೆಯ ಉಬ್ಬು, ಮೊಟ್ಟೆ ಸವರುವುದು

ಜಡೆಯನ್ನು ಬೇಕಿಂಗ್ ಪೇಪರ್ ಹಾಸಿದ ತಟ್ಟೆಗೆ ಎತ್ತಿಡಿ. ಮೊಟ್ಟೆ, ನೀರು, ಚಿಟಿಕೆ ಉಪ್ಪು ಚೆನ್ನಾಗಿ ಕಲಕಿ. ಉಪ್ಪು ಮೊಟ್ಟೆಯನ್ನು ತೆಳುವಾಗಿಸುತ್ತದೆ, ಸವರಿದಾಗ ಗಂಟು ಬೀಳುವುದಿಲ್ಲ. ಹೆಣೆದ ತಕ್ಷಣ ಒಂದು ಸಲ ಸವರಿ, ಓವನ್‌ಗೆ ಇಡುವ ಮುಂಚೆ ಇನ್ನೊಂದು ಸಲ. ಆ ಹೊಳೆಯುವ ಕಂದುಬಣ್ಣ ಬರುವುದು ಈ ಎರಡು ಪದರದಿಂದ. ಮೊದಲ ಸಲ ಸವರಿದ್ದು ಹಿಟ್ಟು ಒಣಗದಂತೆಯೂ ಕಾಯುತ್ತದೆ. ಎಳೆಗಳ ಸಂದಿಗೂ ಕುಂಚ ಹೋಗಲಿ, ಆದರೆ ಅಲ್ಲಿ ಮೊಟ್ಟೆ ನಿಲ್ಲಬಾರದು.

ಈ ಉಬ್ಬು 45 ನಿಮಿಷದಿಂದ ಒಂದೂಕಾಲು ಗಂಟೆ. ಬೆರಳಿನ ತುದಿಯಿಂದ ಬದಿಯಲ್ಲಿ ಮೆಲ್ಲಗೆ ಒತ್ತಿ. ಗುಳಿ ಥಟ್ಟನೆ ಮೇಲೆದ್ದರೆ ಇನ್ನೂ ಸಮಯ ಬೇಕು. ನಿಧಾನವಾಗಿ ಎದ್ದು ಸ್ವಲ್ಪ ಗುರುತು ಉಳಿದರೆ ಸರಿ. ಎದ್ದೇಳದಿದ್ದರೆ ತಡವಾಗಿದೆ, ಕೂಡಲೇ ಓವನ್‌ಗೆ ಹಾಕಿ. ಓವನ್‌ನಲ್ಲಿ ಒಂದೇ ಹಿಡಿಯುವುದಾದರೆ ಎರಡನೆಯ ಜಡೆಯನ್ನು ಹೆಣೆದ ಕೂಡಲೇ ಫ್ರಿಜ್‌ನಲ್ಲಿಡಿ. ಮೊದಲನೆಯದನ್ನು ಬೇಯಲು ಇಟ್ಟಾಗ ಅದನ್ನು ಹೊರತೆಗೆದು, ಅದೂ ಪೂರ್ತಿ ಉಬ್ಬುವವರೆಗೆ ಕಾಯಿರಿ. ಕರೆಂಟ್ ಹೋದರೂ ಇದೇ ಉಪಾಯ. ಜಡೆ ಫ್ರಿಜ್‌ನಲ್ಲಿರಲಿ, ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸಾಕಷ್ಟು ಹೊತ್ತು ಉಳಿಯುತ್ತದೆ.

ಬೇಯಿಸುವುದು

ಓಟಿಜಿ 180 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲೆ ಕೆಳಗೆ ಎರಡೂ ಕಾಯಿಲ್ ಆನ್ ಇರಲಿ. ಫ್ಯಾನ್ ಇರುವ ಓವನ್ ಆದರೆ 165 ಸಾಕು. ತಟ್ಟೆಯನ್ನು ನಡುವಿಗಿಂತ ಒಂದು ಮಟ್ಟ ಕೆಳಗಿಡಿ. ಹಲ್ಲಾ ಎತ್ತರಕ್ಕೆ ಏಳುತ್ತದೆ, ಚಿಕ್ಕ ಓಟಿಜಿಯಲ್ಲಿ ಮೇಲಿನ ಕಾಯಿಲ್‌ಗೆ ಹತ್ತಿರವಾಗಿ ಬೇಗ ಕಪ್ಪಾಗುತ್ತದೆ. ಎರಡನೆಯ ಸಲ ಮೊಟ್ಟೆ ಸವರಿ, ಎಳ್ಳೋ ಗಸಗಸೆಯೋ ಉದುರಿಸಿ ಒಳಗಿಡಿ.

25ರಿಂದ 30 ನಿಮಿಷ. ಹದಿನೈದು ನಿಮಿಷಕ್ಕೆ ಒಮ್ಮೆ ತಟ್ಟೆ ತಿರುಗಿಸಿ. ಬಣ್ಣ ಬೇಗ ಬಂದರೆ ಫಾಯಿಲ್ ಸಡಿಲವಾಗಿ ಮುಚ್ಚಿ. ಮೊಟ್ಟೆ, ಸಕ್ಕರೆ ಇರುವ ಬ್ರೆಡ್ ಬೇಯುವ ಮುಂಚೆಯೇ ಕಂದಾಗುತ್ತದೆ, ಬಣ್ಣ ನೋಡಿ ಮೋಸಹೋಗಬೇಡಿ. ಅಡಿ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 88–90 ಡಿಗ್ರಿ ತೋರಿಸಲಿ. ಕೊನೆಗೆ ಎಳೆಗಳು ಸೇರುವ ಸಂದಿ ನೋಡಿ. ಅಲ್ಲಿ ಇನ್ನೂ ಬಿಳಿ, ಹಸಿಯಾಗಿದ್ದರೆ ಐದು ನಿಮಿಷ ಹೆಚ್ಚು ಬೇಕು.

ಜಾಲರಿಯ ಮೇಲಿಟ್ಟು ಮುಕ್ಕಾಲು ಗಂಟೆಯಾದರೂ ಆರಲು ಬಿಡಿ. ಬಿಸಿಯಲ್ಲಿ ಕತ್ತರಿಸಿದರೆ ಒಳಗಿನ ಹಬೆ ಹೋಗಿ ಉಳಿದದ್ದು ಅಂಟಂಟಾಗುತ್ತದೆ.

ಏನು ತಪ್ಪಿದರೆ ಏನಾಗುತ್ತದೆ

ಬದಿಯಲ್ಲಿ ದೊಡ್ಡದಾಗಿ ಬಿರಿದರೆ ಎರಡನೆಯ ಉಬ್ಬು ಸಾಲದು, ಇಲ್ಲವೇ ಜಡೆ ಬಿಗಿಯಾಯಿತು. ಚಪ್ಪಟೆಯಾಗಿ ಹರಡಿದರೆ ಉಬ್ಬು ಜಾಸ್ತಿ ಆಗಿದೆ, ಅಥವಾ ನೀರು ಹೆಚ್ಚಾಗಿದೆ. ಒಳಗೆ ಒಣಗಿ ಪುಡಿಪುಡಿಯಾದರೆ ನಾದುವಾಗ ಮೈದಾ ಸೇರಿಸಿದ್ದೀರಿ. ಯೀಸ್ಟ್ ವಾಸನೆ ಹೊಡೆದರೆ ಬೆಚ್ಚಗಿನ ಜಾಗದಲ್ಲಿ ತುಂಬಾ ಹೊತ್ತು ಇಟ್ಟಿದ್ದೀರಿ. ಮುಂದಿನ ಸಲ ಫ್ರಿಜ್ ಬಳಸಿ.

ಮೊಟ್ಟೆ ತಿನ್ನದವರಿಗೆ

ಮೊಟ್ಟೆಯಿಲ್ಲದ ಶಬ್ಬಾತ್ ಬ್ರೆಡ್ ಯಾರೋ ಈಗ ಹೊಂದಿಸಿಕೊಂಡದ್ದಲ್ಲ. ಜರ್ಮನಿಯ ಯಹೂದಿಗಳ ಬೆರ್ಖೆಸ್ ಎಂಬ ಜಡೆ ಬ್ರೆಡ್ ಹಾಗೆಯೇ ಮಾಡುವಂಥದ್ದು. ಮೊಟ್ಟೆಯ ಜಾಗದಲ್ಲಿ ಬೇಯಿಸಿದ ಆಲೂಗಡ್ಡೆ, ಮೇಲೆ ಗಸಗಸೆ. 500 ಗ್ರಾಂ ಮೈದಾಗೆ 150 ಗ್ರಾಂ ಆಲೂಗಡ್ಡೆಯನ್ನು ಬೇಯಿಸಿ, ಗಂಟಿಲ್ಲದಂತೆ ಮಸೆದು, ಪೂರ್ತಿ ಆರಿಸಿ ಹಾಕಿ. ಎಣ್ಣೆ 30 ಮಿ.ಲೀ., ಸಕ್ಕರೆ ಒಂದು ದೊಡ್ಡ ಚಮಚ, ಯೀಸ್ಟ್, ಉಪ್ಪು ಮೇಲಿನ ಪಟ್ಟಿಯಲ್ಲಿರುವಷ್ಟೇ. ನೀರು 200 ಮಿ.ಲೀ.ನಿಂದ ಶುರು ಮಾಡಿ ಹದ ನೋಡಿ ಸೇರಿಸಿ. ಆಲೂಗಡ್ಡೆಯಲ್ಲೇ ನೀರಿರುವುದರಿಂದ ಒಮ್ಮೆಲೇ ಸುರಿಯಬೇಡಿ. ಬೇಯಿಸುವ ಮುಂಚೆ ನೀರು ಸವರಿ ಗಸಗಸೆ ಉದುರಿಸಿ. ಹೊರತೆಗೆದ ಕೂಡಲೇ, ಬಿಸಿಯಾಗಿರುವಾಗಲೇ, ಎರಡು ಚಮಚ ಬಿಸಿನೀರಿನಲ್ಲಿ ಒಂದು ಚಮಚ ಜೇನು ಕರಗಿಸಿ ಸವರಿದರೆ ಹೊಳಪು ಬರುತ್ತದೆ. ಮೊಟ್ಟೆಯ ಹಲ್ಲಾದಷ್ಟು ಹಳದಿಯಾಗಿರುವುದಿಲ್ಲ, ಆದರೆ ಮೆತ್ತಗಿರುತ್ತದೆ. ಹೊಂದಾಣಿಕೆ ಅಂತ ಅಂದುಕೊಳ್ಳದೆ ಇದನ್ನು ಇದರ ರುಚಿಗಾಗಿಯೇ ಮಾಡಿ ನೋಡಿ ಅನ್ನುವುದು ನನ್ನ ಮಾತು.

ಉಳಿದರೆ

ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ, ಅಲ್ಲಿ ಒಂದೇ ದಿನ ಅಂದುಕೊಳ್ಳಿ. ಫ್ರಿಜ್‌ನಲ್ಲಿಟ್ಟರೆ ಬ್ರೆಡ್ ಬೇಗ ಬಿರುಸಾಗುತ್ತದೆ. ಫ್ರೀಜರ್ ಆದರೆ ಪರವಾಗಿಲ್ಲ. ಪೂರ್ತಿ ಆರಿದ ಮೇಲೆ ಗಾಳಿಯಾಡದಂತೆ ಸುತ್ತಿಟ್ಟರೆ ಒಂದು ತಿಂಗಳು ಕೆಡುವುದಿಲ್ಲ. ಬೇಕಾದಾಗ ಹೊರಗಿಟ್ಟು ಕರಗಿಸಿ, 150 ಡಿಗ್ರಿ ಓವನ್‌ನಲ್ಲಿ ಎಂಟು ಹತ್ತು ನಿಮಿಷ ಬಿಸಿ ಮಾಡಿ. ಒಣಗಿದ ತುಂಡುಗಳನ್ನು ದಪ್ಪಗೆ ಕತ್ತರಿಸಿ ಭಾನುವಾರ ಬೆಳಗ್ಗೆ ಫ್ರೆಂಚ್ ಟೋಸ್ಟ್ ಮಾಡಿ. ಮಾಂಸದೂಟ ಜೊತೆಗಿಲ್ಲದ ಹೊತ್ತಿನಲ್ಲಿ ಹಾಲು, ಮೊಟ್ಟೆಯಲ್ಲಿ ಅದ್ದಲು ಯಾವ ಅಡ್ಡಿಯೂ ಇಲ್ಲ.